ಗೋಡೆಯ ಮೇಲಿನ ಏಳು ಚೀಲ

ನಿವೃತ್ತಿಯಾಗಿ ನಾಲ್ಕು ವರ್ಷವಾದರೂ ನನ್ನ ಕೈ ಸುಮ್ಮನಿರುವುದಿಲ್ಲ. ಒಗೆದು ಒಣಗಿದ ಬೆಡ್‌ಶೀಟ್ ಕಂಡರೆ ಅಂಚಿಗೆ ಅಂಚು ಕೂಡಿಸಿ, ನಡುವಿನ ಗೆರೆ ಹಿಡಿದು, ಅಂಗೈಯಿಂದ ಗಾಳಿ ಹೊರಕ್ಕೆ ದಬ್ಬಿ ಮಡಚಿದರೇ ಸಮಾಧಾನ. ನಮ್ಮ ಯಜಮಾನರು ಓದುತ್ತಿದ್ದ ಪೇಪರನ್ನು ಟೀಪಾಯಿಯ ಮೇಲಿಟ್ಟು ಸ್ನಾನಕ್ಕೆ ಹೋಗಿ ಬರುವಷ್ಟರಲ್ಲಿ ಅದು ಎಂಟು ಮಡಿಕೆಯಾಗಿ ಕೂತಿರುತ್ತದೆ. "ಏನೇ ಇದು, ಇದನ್ನೂ ಯಾರಿಗಾದ್ರೂ ಕಟ್ಟಿ ಮೇಲಕ್ಕೆ ಕಳಿಸ್ತೀಯಾ?" ಎಂದು ರೇಗಿಸುತ್ತಾರೆ. ಈ ಮೂರು ವಾರದಿಂದ ಅವರು ರೇಗಿಸುವುದನ್ನೂ ಬಿಟ್ಟಿದ್ದಾರೆ. ಮಡಚಿದ್ದನ್ನು ಬಿಚ್ಚಿ, ಮತ್ತೆ ಮಡಚಿ, ಮತ್ತೆ ಬಿಚ್ಚುವ ಹೆಂಗಸನ್ನು ನೋಡಿ ಅವರಿಗೂ ಗಾಬರಿಯಾಗಿರಬೇಕು.

ನಾನು ಗಿರಿಜಾ. ಮನೆ ಬನಶಂಕರಿ ಪಕ್ಕದ ಶ್ರೀನಗರದಲ್ಲಿ. ಊರಾಚೆಯ ಒಂದು ವಿಮಾನ ತರಬೇತಿ ಶಾಲೆಯಲ್ಲಿ ಇಪ್ಪತ್ತೆಂಟು ವರ್ಷ ಪ್ಯಾರಾಚೂಟ್ ಮಡಚಿದವಳು. ಈ ಬರಹ ಅದೇ ಪ್ಯಾಕಿಂಗ್ ರೂಮಿಗೆ ಮೂರು ತಿಂಗಳ ಹಿಂದೆ ಸೇರಿದ ಇಬ್ಬರು ಹುಡುಗಿಯರಿಗಾಗಿ. ಬರೆಯಲು ಹೇಳಿದವಳು ನಂದಿನಿ. ಒಂದು ಕಾಲಕ್ಕೆ ಅಲ್ಲಿ ವಿದ್ಯಾರ್ಥಿನಿ, ಈಗ ಅಲ್ಲಿಯ ಮುಖ್ಯ ತರಬೇತುದಾರಳು.

ಮೂರು ವಾರದ ಹಿಂದೆ ಅವಳು ಲಿಫ್ಟಿಲ್ಲದ ನಮ್ಮ ಮೂರು ಮಹಡಿ ಹತ್ತಿ ಬಂದಳು. ಕೂರುವ ಮೊದಲೇ ಶುರುಮಾಡಿದಳು.

"ಅಕ್ಕಾ, ಮ್ಯಾನೇಜ್‌ಮೆಂಟ್‌ನೋರು ಪ್ಯಾಕಿಂಗ್ ರೂಮ್ ಮುಚ್ತೀವಿ ಅಂತಿದಾರೆ."

"ಮತ್ತೆ ಸ್ಪಿನ್ ಕ್ಲಾಸಿಗೆ?"

"ಪ್ಯಾರಾಚೂಟ್ ಇಲ್ದೇನೇ ಹೋಗಿ ಅಂತಾರೆ. ಲೈಸೆನ್ಸಿಗೋಸ್ಕರ ಕಲಿಯೋ ಸ್ಪಿನ್ನು, ಜೊತೇಲಿ ಇನ್‌ಸ್ಟ್ರಕ್ಟರ್ ಇದ್ರೆ ಕಡ್ಡಾಯ ಅಲ್ಲ ಅಂತ ಯಾವ್ದೋ ಹೊರದೇಶದ ರೂಲ್ಸ್ ತೋರಿಸ್ತಾರೆ. ಮೋಜಿಗೆ ಪಲ್ಟಿ ಹೊಡೆಯೋಕೆ ಹೋದ್ರೆ ಮಾತ್ರ ಕಟ್ಕೋಬೇಕಂತೆ."

"ಅದು ಪಾಠ, ಇದು ಮೋಜು ಅಂತ ವಿಮಾನಕ್ಕೆ ಯಾರು ಹೇಳ್ತಾರಂತೆ?"

ನಂದಿನಿ ನಕ್ಕಳು. "ಅದನ್ನೇ ಬರೀರಿ. ಇಷ್ಟು ವರ್ಷದಲ್ಲಿ ಒಬ್ರೂ ವಿಮಾನದಿಂದ ಹಾರಿಲ್ಲ, ಸುಮ್ನೆ ಯಾಕೆ ಈ ಭಾರ ಅನ್ನೋದು ಅವರ ಮಾತು. ನೀವು ನಾಲ್ಕು ಪುಟ ಬರ್ಕೊಡಿ, ಮೀಟಿಂಗ್‌ನಲ್ಲಿ ನಾನೇ ಓದ್ತೀನಿ. ಇಪ್ಪತ್ತೆಂಟು ವರ್ಷ ಒಂದು ತಪ್ಪಿಲ್ದೆ ಮಾಡಿದೋರು ಅಂದ್ರೆ ಅವರೂ ಯೋಚ್ನೆ ಮಾಡ್ತಾರೆ. ಆ ಹುಡುಗೀರ ಕೆಲಸಾನೂ ಉಳಿಯುತ್ತೆ."

ಒಂದು ತಪ್ಪಿಲ್ಲದೆ. ಕೈಯಲ್ಲಿದ್ದ ಕಾಫಿ ಸೆರಗಿನ ಮೇಲೆ ಚೆಲ್ಲಿತು. ನಂದಿನಿಯೇ ಬಟ್ಟೆ ತಂದು ಒರೆಸಿ, "ನಿಧಾನ ಅಕ್ಕಾ, ವಯಸ್ಸಾಯ್ತು ನಿಮ್ಗೆ" ಎಂದು ತಮಾಷೆ ಮಾಡಿ ಹೋದಳು.

ಅವತ್ತಿನಿಂದ ಬರೆಯುವುದು, ಹರಿಯುವುದು, ಇದೇ ಆಗಿದೆ. ಅವಳು ಹೇಳಿದಂತೆ ಬರೆದರೆ ಸುಳ್ಳು. ನಿಜ ಬರೆದರೆ ನನ್ನ ಪುಟಗಳನ್ನೇ ಹಿಡಿದು ಅವರು ಬಾಗಿಲು ಹಾಕಬಹುದು. ಅದಕ್ಕಿಂತ ದೊಡ್ಡ ಸಂಕಟವೆಂದರೆ, ಆ ನಿಜ ಮೊದಲು ತಲುಪಬೇಕಾದದ್ದು ನಂದಿನಿಗೆ. ಅವಳ ಮುಖ ನೋಡಿ ಅದನ್ನು ಹೇಳುವ ಧೈರ್ಯ ನನಗೆ ಇಷ್ಟು ವರ್ಷ ಬಂದಿರಲಿಲ್ಲ. ಇರಲಿ, ಮೊದಲಿನಿಂದ ಹೇಳುತ್ತೇನೆ.

ಸ್ಪಿನ್ ಎಂದರೆ ವಿಮಾನ ವೇಗ ಕಳೆದುಕೊಂಡು, ಒಂದು ಕಡೆಯ ರೆಕ್ಕೆ ಸೋತು, ಗಿರಗಿರನೆ ಸುತ್ತುತ್ತಾ ಕೆಳಕ್ಕೆ ಬೀಳುವುದು. ನಮ್ಮಲ್ಲಿ ಬೇಕೆಂದೇ ಹಾಗೆ ಬಿದ್ದು, ಎದ್ದು ಬರುವುದನ್ನು ಕಲಿಸುತ್ತಿದ್ದರು. ನಮ್ಮ ಶಾಲೆಯ ನಿಯಮಗಳು ನನಗೆ ಈಗಲೂ ಬಾಯಿಪಾಠ. ಪ್ಯಾರಾಚೂಟ್ ಇಲ್ಲದೆ ಸ್ಪಿನ್ ಇಲ್ಲ. ಗೊತ್ತುಮಾಡಿದ ಎತ್ತರಕ್ಕೆ ಇಳಿಯುವಷ್ಟರಲ್ಲಿ ಸುತ್ತುವುದು ನಿಲ್ಲದಿದ್ದರೆ ಯೋಚನೆ ಮಾಡದೆ ಹಾರಿಬಿಡಬೇಕು. ಪ್ರತಿ ಪ್ಯಾರಾಚೂಟನ್ನೂ ಆರು ತಿಂಗಳಿಗೊಮ್ಮೆ ಬಿಚ್ಚಿ, ನೇತುಹಾಕಿ, ಗಾಳಿಯಾಡಿಸಿ ಮತ್ತೆ ಮಡಚಬೇಕು. ಮಡಚಿದವರ ಸಹಿಯೂ ತಾರೀಖೂ ಇರುವ ಕಾರ್ಡು ಅದರ ಜೇಬಿನಲ್ಲಿರಬೇಕು. ತಾರೀಖು ಮುಗಿದಿದ್ದರೆ ಅದು ಪ್ಯಾರಾಚೂಟಲ್ಲ, ಬರೀ ಮೆತ್ತೆ.

ನಾನು ಕೆಲಸಕ್ಕೆ ಸೇರಿದ್ದು ಬ್ಲೌಸ್ ಹೊಲಿಯುವ ಕೈಚಳಕದಿಂದ. ಬಟ್ಟೆ ತೇಪೆ ಹಾಕಲು ಒಬ್ಬರು ಬೇಕಾಗಿದ್ದಾರೆ ಎಂದು ಪಕ್ಕದ ಮನೆಯವರು ಹೇಳಿದರು, ಹೋದೆ. ಪ್ಯಾಕಿಂಗ್ ರೂಮಿನ ಹಿರಿಯರು ದಸ್ತಗೀರ್ ಸಾಹೇಬರು. ಬಿಳಿ ಗಡ್ಡ, ಇಸ್ತ್ರಿ ಮಾಡಿದ ಅಂಗಿ, ಮಾತು ಕಡಿಮೆ. ಹರಿದ ತುಂಡೊಂದನ್ನು ಕೊಟ್ಟರು, ಹೊಲಿದು ಕೊಟ್ಟೆ. ಭೂತಗನ್ನಡಿ ಹಿಡಿದು ಒಂದೊಂದೇ ಹೊಲಿಗೆ ನೋಡಿ, "ಹೊಲಿಗೆ ಚೆನ್ನಾಗಿದೆ. ಬಾಯಿ ಸ್ವಲ್ಪ ಜಾಸ್ತಿ" ಎಂದರು. ಆಯ್ಕೆಯಾದೆ.

ಮೊದಲ ಮೂರು ತಿಂಗಳು ಅವರು ನನಗೆ ಮಡಚಲು ಬಿಡಲೇ ಇಲ್ಲ. ಬರೀ ಎಣಿಸುವುದು. ರೂಮಿನ ಉದ್ದಕ್ಕೂ ಮದುವೆ ಛತ್ರದ ಊಟದ ಪಂಕ್ತಿಯಂಥ ಟೇಬಲ್ಲು. ಅದರ ಮೇಲೆ ಪ್ಯಾರಾಚೂಟಿನ ಬಟ್ಟೆ ಹಾಸಿ ಮಡಿಕೆಯ ಮೇಲೆ ಮಡಿಕೆ ಕೂರಿಸುವಾಗ ಅದು ಜಾರುತ್ತದೆ, ಫ್ಯಾನ್ ಗಾಳಿಗೆ ಏಳುತ್ತದೆ. ಅದನ್ನು ಒತ್ತಿ ಹಿಡಿಯಲು ಸೀಸದ ಗುಂಡು ತುಂಬಿದ ಉದ್ದನೆಯ ಚೀಲಗಳು. ಒಟ್ಟು ಏಳು. ಮಡಚುತ್ತಾ ಹೋದಂತೆ ಒಂದೊಂದಾಗಿ ತೆಗೆದು ಗೋಡೆಯ ಏಳು ಮೊಳೆಗಳಿಗೆ ನೇತುಹಾಕಬೇಕು. ಗೋಡೆಯ ಮೇಲೆ ಏಳೂ ಕಂಡ ಮೇಲೆಯೇ ಪ್ಯಾಕಿನ ಬಾಯಿ ಮುಚ್ಚುವುದು, ಆಮೇಲೆ ಕಾರ್ಡಿಗೆ ಸಹಿ. ಒಂದೇ ಒಂದು ಚೀಲ ಒಳಗೇ ಉಳಿದುಹೋದರೆ ಬಟ್ಟೆ ಹರಿಯಬಹುದು, ಹಗ್ಗ ಸಿಕ್ಕಾಗಬಹುದು, ಅರ್ಧಕ್ಕೇ ನಿಲ್ಲಬಹುದು. "ಗೋಡೆ ಮೊದಲು, ಪೆನ್ನು ಆಮೇಲೆ, ಬೇಟಿ" ಎಂದು ದಿನಕ್ಕೆ ಹತ್ತು ಸಲ ಹೇಳುತ್ತಿದ್ದರು. ನನಗೆ ರೇಗುತ್ತಿತ್ತು. ನನಗೇನು ಏಳರವರೆಗೆ ಎಣಿಸಲು ಬರುವುದಿಲ್ಲವೇ!

ಅವರು ಹಾಕಿದ ಇನ್ನೊಂದು ಪದ್ಧತಿಯೂ ಇತ್ತು. ಪ್ಯಾರಾಚೂಟ್ ತೆಗೆದುಕೊಂಡು ಹೋಗುವವರು ಯಾರೇ ಆಗಲಿ, ಮಡಚಿದವರ ಮುಖ ನೋಡಿ ಕೇಳಬೇಕು: "ಬಿಚ್ಕೊಳುತ್ತಾ?" ಮಡಚಿದವರು ಕಣ್ಣು ತಪ್ಪಿಸದೆ ಹೇಳಬೇಕು: "ಬಿಚ್ಕೊಳುತ್ತೆ." ಹುಡುಗರು ನಗುತ್ತಾ ಕೇಳುತ್ತಿದ್ದರು. ಆದರೆ ಮೊದಲ ಸ್ಪಿನ್ನಿಗೆ ಹೋಗುವ ದಿನ ಒಬ್ಬನೂ ನಗುತ್ತಿರಲಿಲ್ಲ.

ನಗುವಂಥದ್ದು ಬೇಕಾದಷ್ಟು ನಡೆಯುತ್ತಿತ್ತು. ಒಬ್ಬ ಮಹಾನುಭಾವ ಪ್ಯಾರಾಚೂಟನ್ನು ಎತ್ತಿಕೊಳ್ಳುವಾಗ ಪಟ್ಟಿ ಬಿಟ್ಟು, ಬಿಚ್ಚಲು ಎಳೆಯುವ ಲೋಹದ ಹಿಡಿಯನ್ನೇ ಹಿಡಿದು ಬ್ಯಾಗಿನಂತೆ ಬೀಸುತ್ತಾ ಹೊರಟ. ನಾಲ್ಕು ಹೆಜ್ಜೆಗೆ ಫಟ್ ಎಂದಿತು. ಕಾರಿಡಾರ್ ತುಂಬಾ ಬಿಳೀ ಬಟ್ಟೆ. ಎದುರಿಗೆ ಕ್ಯಾಂಟೀನಿನವನು ಟೀ ತರುತ್ತಿದ್ದ. ಆರು ಲೋಟ ಟೀ ಅದರ ಮೇಲೆ. ನಾನು ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು ಹೊರಗೆ ಬಂದೆ. ಆ ಹುಡುಗ, "ಅಕ್ಕಾ, ಬಿಚ್ಕೊಳುತ್ತೆ ಅಕ್ಕಾ, ಡೌಟೇ ಇಲ್ಲ" ಎಂದ. ಬೈಯಬೇಕೆಂದು ಬಂದವಳು ನಕ್ಕುಬಿಟ್ಟೆ. ನಮ್ಮ ರೂಮಿನ ಶಿಕ್ಷೆಯೆಂದರೆ, ತಪ್ಪಿ ಎಳೆದವರು ಅದನ್ನು ತೊಳೆದು, ಒಣಗಿಸಿ, ನಾನು ಮಡಚಿ ಮುಗಿಸುವವರೆಗೆ ಹಗ್ಗದ ತುದಿ ಹಿಡಿದು ನಿಂತಿರಬೇಕು. ಅವನು ಎರಡು ದಿನ ನಿಂತ. ಈಗ ದೊಡ್ಡ ವಿಮಾನ ಓಡಿಸುತ್ತಾನಂತೆ.

ಮೇಲಧಿಕಾರಿ ಚೆಂಗಪ್ಪನವರು ಆಗ ಮುಖ್ಯ ತರಬೇತುದಾರರು. ಕೊಡಗಿನವರು, ಗಂಟಲು ದೊಡ್ಡದು, ಸಿಟ್ಟು ಮೂಗಿನ ತುದಿಯಲ್ಲಿ. ಒಮ್ಮೆ ಪ್ಯಾರಾಚೂಟ್ ಕೇಳಲು ಬಂದರು. ಕಾರ್ಡು ನೋಡಿದೆ, ತಾರೀಖು ಹಿಂದಿನ ದಿನಕ್ಕೆ ಮುಗಿದಿತ್ತು.

"ಕೊಡಲ್ಲ ಸಾರ್."

"ಒಂದು ದಿನ ತಾನೇ ಗಿರಿಜಾ! ನಿನ್ನೆ ಬಿಚ್ಕೊಳ್ತಿದ್ದಿದ್ದು ಇವತ್ತು ಬಿಚ್ಕೊಳಲ್ವಾ?"

"ಬಿಚ್ಕೊಳುತ್ತೋ ಇಲ್ವೋ, ನಾನಂತೂ ಹೇಳಲ್ಲ. ಹೇಳ್ದೆ ನೀವ್ ಹೇಗ್ ತಗೊಂಡ್ ಹೋಗ್ತೀರಿ?"

ಅವರು ಬಾಗಿಲನ್ನು ಧಡಾರನೆ ಹಾಕಿಕೊಂಡು ಹೋದರು. ಮಾರನೆಯ ದಿನ ಬಂದು, ನನ್ನ ಡಬ್ಬಿಯ ಉಪ್ಪಿಟ್ಟು ಅರ್ಧ ತಿಂದು, "ನಿನ್ನೆ ನೀವು ಮಾಡಿದ್ದು ಸರಿ ಇತ್ತು" ಎಂದರು. ನನಗೆ ಕೊಬ್ಬು ಬಂತು. ನಿಯಮ ಎಂದರೆ ಗಿರಿಜಾ ಎಂದು ಇಡೀ ಶಾಲೆ ಹೇಳತೊಡಗಿತು. ನಾನೂ ಹಾಗೇ ಅಂದುಕೊಂಡೆ.

ಈಗ ಆ ದಿನಕ್ಕೆ ಬರುತ್ತೇನೆ. ಇಲ್ಲಿಯವರೆಗಿನದನ್ನು ಬರೆಯುವಾಗ ಕೈ ಚೆನ್ನಾಗಿ ಓಡಿತು. ಇಲ್ಲಿ ಎರಡು ಸಲ ಎದ್ದು ಹೋಗಿ ಅಕ್ಕಿ ಆರಿಸಿ ಬಂದೆ.

ಆ ವರ್ಷ ಮಳೆಗಾಲದಲ್ಲಿ ಪ್ಯಾಕಿಂಗ್ ರೂಮಿನ ಗೋಡೆ ತೇವ ಹಿಡಿದು ಏಳನೆಯ ಮೊಳೆ ಕಿತ್ತು ಬಿತ್ತು. ನಾಳೆ ಹೊಡೆದರಾಯಿತು ಎಂದುಕೊಂಡು ಏಳನೆಯ ಚೀಲವನ್ನು ಕಿಟಕಿಯ ಕಟ್ಟೆಯ ಮೇಲೆ ಇಡಲು ಶುರುಮಾಡಿದೆ. ದಸ್ತಗೀರ್ ಸಾಹೇಬರಿಗೆ ಆಗಲೇ ಕಣ್ಣಿಗೆ ಪೊರೆ ಬಂದಿತ್ತು, ಅವರಿಗೆ ಕಾಣಲಿಲ್ಲ. ನಾನು ಹೇಳಲೂ ಇಲ್ಲ. ಒಂದು ಸುತ್ತಿಗೆ ಏಟಿನ ಕೆಲಸ. ಎರಡು ತಿಂಗಳು ಹಾಗೇ ನಡೆಯಿತು. ಗೋಡೆಯ ಮೇಲೆ ಆರು ಕಂಡರೆ ಸಾಕು ಎಂದು ನನ್ನ ಕಣ್ಣಿಗೆ ರೂಢಿಯಾಗಿಬಿಟ್ಟಿತು.

ಸಾಹೇಬರು ಕಣ್ಣಿನ ಆಪರೇಷನ್ನಿಗೆ ರಜೆ ಹಾಕಿದ್ದ ಒಂದು ಬೆಳಿಗ್ಗೆ. ನಂದಿನಿಗೆ ಅವತ್ತು ಸ್ಪಿನ್. ಪರೀಕ್ಷೆ ಹತ್ತಿರದಲ್ಲಿತ್ತು, ವಾರವಿಡೀ ಮೋಡ ಕವಿದು ಅವತ್ತೇ ಆಕಾಶ ತೆರೆದಿತ್ತು, ಮಧ್ಯಾಹ್ನಕ್ಕೆ ಮತ್ತೆ ಮುಚ್ಚುವ ಹಾಗಿತ್ತು. ಚೆಂಗಪ್ಪನವರ ಪ್ಯಾರಾಚೂಟ್ ಸಿದ್ಧವಿತ್ತು. ಅವಳಿಗೆ ಇದ್ದ ಒಂದಕ್ಕೆ ತಾರೀಖು ಮುಗಿದಿತ್ತು. ನಿಯಮದ ಗಿರಿಜಾ ಸುಮ್ಮನೆ ಕೊಡುತ್ತಾಳೆಯೇ? ಬಿಚ್ಚಿ ಮಡಚಲು ಕೂತೆ. ಚೆಂಗಪ್ಪನವರು ಐದೈದು ನಿಮಿಷಕ್ಕೆ ಬಾಗಿಲಿಗೆ ಬಂದು, "ಆಯ್ತಾ ಗಿರಿಜಾ? ಮೋಡ ಬರ್ತಿದೆ" ಎನ್ನುತ್ತಿದ್ದರು. ನನಗೆ ತಲೆ ಕೆಟ್ಟುಹೋಯಿತು. ಮಡಚಿ, ಗೋಡೆಯತ್ತ ನೋಡಿದೆ. ಆರು. ಸರಿ ಎಂದುಕೊಂಡೆ. ಕಿಟಕಿಯತ್ತ ನೋಡಲಿಲ್ಲ. ಮುಚ್ಚಿದೆ, ಸಹಿ ಹಾಕಿದೆ.

ನಂದಿನಿ ಬಂದಳು. ಆಗ ಅವಳಿಗೆ ಇಪ್ಪತ್ತು ತುಂಬಿತ್ತೋ ಇಲ್ಲವೋ. ಮುಖ ಬಿಳುಚಿಕೊಂಡಿತ್ತು, ಹಣೆಯ ಮೇಲೆ ಅವಳಮ್ಮ ಹಚ್ಚಿ ಕಳಿಸಿದ ವಿಭೂತಿ ಬೆವರಿಗೆ ಅರ್ಧ ಅಳಿಸಿತ್ತು. ಪಟ್ಟಿಗಳನ್ನು ನಾನೇ ಬಿಗಿದೆ.

"ಬಿಚ್ಕೊಳುತ್ತಾ ಅಕ್ಕಾ?"

"ಬಿಚ್ಕೊಳುತ್ತೆ ಕಣೇ. ಹೋಗ್ಬಾ."

ವಿಮಾನ ಏರಿದ ಸದ್ದು ಕೇಳಿಸಿತು. ನಾನು ಟೇಬಲ್ ಒರೆಸಿ, ಕತ್ತರಿ ಎತ್ತಿಟ್ಟು, ಕಿಟಕಿ ಹಾಕಲು ಹೋದೆ. ಕಟ್ಟೆಯ ಮೇಲೆ ಏನೂ ಇರಲಿಲ್ಲ.

ಟೇಬಲ್ಲಿನ ಕೆಳಗೆ ಹುಡುಕಿದೆ. ಬೀರುವಿನ ಹಿಂದೆ, ಕಸದ ಬುಟ್ಟಿಯಲ್ಲಿ, ನನ್ನ ಊಟದ ಬ್ಯಾಗಿನಲ್ಲಿ ಹುಡುಕಿದೆ. ಗೋಡೆಯ ಆರನ್ನು ಒಂದೊಂದಾಗಿ ಮುಟ್ಟಿ ಎಣಿಸಿದೆ. ಅಯ್ಯೋ ಶಿವನೇ ಎಂದು ಬಾಯಲ್ಲಿ ಬಂತು. ಓಡಿದೆ.

ಕಂಟ್ರೋಲ್ ಟವರಿಗೆ ಕಬ್ಬಿಣದ ಮೆಟ್ಟಿಲು. ಮೇಲೆ ಹತ್ತಿ ಒಂದು ಮಾತು ಹೇಳಿದರೆ ರೇಡಿಯೋದಲ್ಲಿ ಅವರನ್ನು ವಾಪಸ್ ಕರೆಸುತ್ತಾರೆ. ವಿಮಾನ ಇನ್ನೂ ಎತ್ತರಕ್ಕೆ ಏರುತ್ತಿತ್ತು, ಸಮಯವಿತ್ತು. ಕಂಬಿಯ ಮೇಲೆ ಕೈ ಇಟ್ಟೆ. ಅಲ್ಲೇ ನಿಂತೆ.

ಹೆಣ್ಣುಮಕ್ಕಳೇ, ನಾನು ಆಗ ಏನು ಯೋಚಿಸಿದೆ ಎಂಬುದನ್ನು ನೀವು ಸರಿಯಾಗಿ ಕೇಳಿಸಿಕೊಳ್ಳಬೇಕು. ಕೆಲಸ ಹೋಗುತ್ತದೆ ಎಂಬ ಭಯವಿತ್ತು. ಚೆಂಗಪ್ಪನವರ ಎದುರು ತಲೆ ತಗ್ಗಿಸಬೇಕಲ್ಲ ಎಂಬ ಉರಿ ಅದಕ್ಕಿಂತ ಹೆಚ್ಚಿತ್ತು. ಆದರೆ ನನ್ನನ್ನು ನಿಲ್ಲಿಸಿದ ಮಾತು ಬೇರೆ. ಈ ಶಾಲೆಯಲ್ಲಿ ಇಷ್ಟು ವರ್ಷದಲ್ಲಿ ಒಬ್ಬರೂ ಹಾರಿಲ್ಲ, ಇವತ್ತೇ ಯಾಕೆ ಹಾರುತ್ತಾರೆ? ಹಾಗೆಂದುಕೊಂಡೆ. ಮೂರು ಸುತ್ತು ಸುತ್ತಿ ಎದ್ದು ಬರುತ್ತಾರೆ, ನಾನು ಸದ್ದಿಲ್ಲದೆ ಪ್ಯಾಕ್ ಬಿಚ್ಚಿ ಚೀಲ ತೆಗೆದುಬಿಡುತ್ತೇನೆ. ಯಾರಿಗೂ ಗೊತ್ತಾಗುವುದಿಲ್ಲ.

ಆಕಾಶದಲ್ಲಿ ಎಂಜಿನ್ ಸದ್ದು ಇಳಿಯಿತು. ತಲೆಯೆತ್ತಿದೆ. ಸಣ್ಣ ವಿಮಾನ ಒಂದು ಕಡೆ ವಾಲಿ, ಮೂತಿ ಕೆಳಗೆ ಮಾಡಿ ಸುತ್ತತೊಡಗಿತು. ಒಂದು. ಎರಡು. ಮೂರು. ಮೂರಕ್ಕೆ ನಿಲ್ಲಬೇಕು. ನಾಲ್ಕು. ಐದು. ಆಗ ಮೆಟ್ಟಿಲು ಹತ್ತಿದ್ದರೂ ಏನು ಮಾಡಲಾಗುತ್ತಿತ್ತು? ರೇಡಿಯೋದಲ್ಲಿ ಹಾರಬೇಡಿ ಎನ್ನಬೇಕಿತ್ತೇ? ಆರು. ಆರೂವರೆಗೋ ಏನೋ ಸುತ್ತು ನಿಂತಿತು. ವಿಮಾನ ನೇರವಾಗಿ ಕೆಳಕ್ಕೆ ಜಾರಿ, ನಿಧಾನಕ್ಕೆ ಮೂತಿ ಎತ್ತಿತು. ನಾನು ಕಂಬಿ ಬಿಟ್ಟು ಮೆಟ್ಟಿಲಿನ ಬುಡದಲ್ಲಿ ಕೂತುಬಿಟ್ಟೆ.

ಇಳಿದು ಬಂದ ಮೇಲೆ ಚೆಂಗಪ್ಪನವರ ದೊಡ್ಡ ಗಂಟಲು ಸಣ್ಣದಾಗಿತ್ತು. "ಹುಡುಗಿ ರಾಂಗ್ ಕಾಲಿನ ಪೆಡಲ್ ಒತ್ಬಿಟ್ಳು. ನಾನು ಕಂಟ್ರೋಲ್ ತಗೊಳೋ ಹೊತ್ತಿಗೆ ಹಾರೋ ಎತ್ತರ ಹತ್ರ ಬಂದಿತ್ತು. ರೆಡಿಯಾಗು ಅಂದ್ಬಿಟ್ಟಿದ್ದೆ" ಎಂದರು. ನಂದಿನಿ ನನ್ನ ಕೈ ಹಿಡಿದುಕೊಂಡಳು. "ಅಕ್ಕಾ, ಹಿಡಿ ಮೇಲೆ ಕೈ ಇಟ್ಕೊಂಡಿದ್ದೆ. ನಿಮ್ಮುಖ ನೆನಪಾಯ್ತು. ಬಿಚ್ಕೊಳುತ್ತೆ ಅಂದಿದ್ರಲ್ಲ, ಭಯಾನೇ ಆಗ್ಲಿಲ್ಲ."

ಬಾಗಿಲು ಹಾಕಿಕೊಂಡು ಪ್ಯಾಕ್ ಬಿಚ್ಚಿದೆ. ಮೂರನೆಯ ಮಡಿಕೆಯ ಒಳಗೆ, ಹಗ್ಗಗಳ ಹತ್ತಿರ, ಏಳನೆಯ ಚೀಲ ಅಡ್ಡ ಮಲಗಿತ್ತು. ಅವಳು ಹಾರಿದ್ದರೆ ಬಿಚ್ಚಿಕೊಳ್ಳುತ್ತಿತ್ತೋ ಇಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ. ಯಾರಿಗೂ ಹೇಳಲಿಲ್ಲ. ದಸ್ತಗೀರ್ ಸಾಹೇಬರು ರಜೆ ಮುಗಿಸಿ ಬಂದ ದಿನ ಹೊಸ ಕಣ್ಣಿನಿಂದ ರೂಮನ್ನೆಲ್ಲಾ ನೋಡಿದರು, ನನ್ನ ಮುಖವನ್ನೂ ನೋಡಿದರು. ಸುತ್ತಿಗೆ ತರಿಸಿ ಏಳನೆಯ ಮೊಳೆಯನ್ನು ತಾವೇ ಹೊಡೆದರು. "ಹೇಳ್ಬೇಕಿತ್ತು ಬೇಟಿ" ಎಂದಷ್ಟೇ ಅಂದರು. ಮೊಳೆಯ ಬಗ್ಗೆ ಅಂದರೋ ಬೇರೆಯದರ ಬಗ್ಗೆಯೋ, ಕೇಳುವ ಧೈರ್ಯ ನನಗಾಗಲಿಲ್ಲ. ಅವರು ತೀರಿಹೋಗಿ ಬಹಳ ವರ್ಷವಾಯಿತು.

ಅಲ್ಲಿಂದ ಮುಂದೆ ನಾನು ಒಂದು ಪ್ಯಾಕಿಗೆ ಮೂರು ಸಲ ಎಣಿಸಿದೆ. ಎಣಿಸಿ ಮನೆಗೆ ಹೊರಟು, ಬನಶಂಕರಿ ಬಸ್ ಸ್ಟ್ಯಾಂಡಿನಲ್ಲಿ ಇಳಿದು, ಮತ್ತೆ ಅದೇ ಬಸ್ಸು ಹತ್ತಿ ವಾಪಸ್ ಹೋಗಿ ನೋಡಿದ್ದೂ ಉಂಟು. ನಂದಿನಿ ತರಬೇತುದಾರಳಾದ ಮೇಲೆ ಪ್ರತಿ ಹೊಸ ಬ್ಯಾಚನ್ನೂ ನನ್ನ ರೂಮಿಗೆ ಕರೆತಂದು ಆ ಕಥೆ ಹೇಳುತ್ತಿದ್ದಳು. "ಇವರ ಮುಖ ನೋಡ್ಕೊಂಡು ನಾನು ಬದುಕಿ ಬಂದೆ" ಎನ್ನುತ್ತಿದ್ದಳು. ಮಕ್ಕಳು ಚಪ್ಪಾಳೆ ತಟ್ಟುತ್ತಿದ್ದವು. ನಾನು ಟೇಬಲ್ ಒರೆಸುತ್ತಾ ನಿಲ್ಲುತ್ತಿದ್ದೆ.

ಕಳೆದ ವಾರ ಪುಟ್ಟೇನಹಳ್ಳಿಗೆ ಹೋದೆ. ನಂದಿನಿಯ ಮನೆ ಕೆರೆಯ ಹತ್ತಿರ. ಮೊದಲ ದಿನ ಕೆರೆಯ ಸುತ್ತ ಎರಡು ಸುತ್ತು ಹಾಕಿ ಮನೆಗೆ ವಾಪಸ್ ಬಂದೆ. ಎರಡನೆಯ ದಿನ ಗೇಟಿನವರೆಗೆ ಹೋಗಿ ಬಂದೆ. ಯಜಮಾನರು, "ಎಲ್ಲಿಗೆ ದಿನಾ?" ಎಂದರು. ವಾಕಿಂಗ್ ಎಂದೆ. "ಶ್ರೀನಗರದಲ್ಲಿ ರಸ್ತೆ ಇಲ್ವಾ?" ಎಂದರು. ಮೂರನೆಯ ದಿನ ಬೆಲ್ ಒತ್ತಿದೆ. ಕೂರದೆ, ನೀರು ಕುಡಿಯದೆ, ನಿಂತೇ ಎಲ್ಲವನ್ನೂ ಹೇಳಿದೆ.

ನಂದಿನಿ ಬಾಗಿಲು ಮುಂದಕ್ಕೆ ಮಾಡಿ ಬಂದಳು.

"ಪ್ರತಿ ಬ್ಯಾಚಿಗೂ ಹೇಳಿದೀನಿ ಅಕ್ಕಾ. ನೀವು ಅಲ್ಲೇ ನಿಂತ್ಕೊಂಡು ಕೇಳಿದೀರಿ."

"ಹೌದು."

"ಮೆಟ್ಲ ಹತ್ರ ನಿಂತಿದ್ರಿ. ಟೈಮ್ ಇತ್ತು. ಹತ್ಲಿಲ್ಲ."

"ಹತ್ಲಿಲ್ಲ."

"ಯಾಕೆ?"

"ಇಷ್ಟು ವರ್ಷದಲ್ಲಿ ಒಬ್ರೂ ಹಾರಿಲ್ಲ, ಇವತ್ತೇ ಯಾಕೆ ಹಾರ್ತಾರೆ ಅಂದ್ಕೊಂಡೆ."

ಅವಳು ತಟ್ಟನೆ ತಲೆಯೆತ್ತಿದಳು. ಮ್ಯಾನೇಜ್‌ಮೆಂಟಿನವರ ಮಾತೇ ಅದು ಎಂದು ಅವಳಿಗೂ ಹೊಳೆಯಿತು. ಆದರೆ ಕಣ್ಣಲ್ಲಿ ನೀರು ತುಂಬಿತ್ತು, ಸಿಟ್ಟೂ ಇತ್ತು. "ನೀವೀಗ ಹೋಗಿ ಅಕ್ಕಾ. ಇವತ್ತು ನನ್ನ ಕೈಲಿ ಆಗಲ್ಲ" ಎಂದಳು. ನಾನು ಚಪ್ಪಲಿ ಹಾಕಿಕೊಂಡು ಬಂದುಬಿಟ್ಟೆ.

ಐದು ದಿನ ಫೋನಿಲ್ಲ. ಆರನೆಯ ದಿನ ಒಂದು ಮೆಸೇಜು: "ಬರ್ದಿದ್ದನ್ನ ಕಳಿಸಿ. ಪೂರ್ತಿ." ಇಲ್ಲಿಯವರೆಗಿನದನ್ನು ಕಳಿಸಿದೆ. ಮುಂದಿನದು ಆಮೇಲೆ ಸೇರಿಸಿದ್ದು.

ನಂದಿನಿ ಮೀಟಿಂಗಿನಲ್ಲಿ ಒಂದು ಸಾಲೂ ಬಿಡದೆ ಓದಿದಳಂತೆ. ಒಬ್ಬರು, "ನೋಡಿ, ಮಡಚೋದೇ ಅಪಾಯ ಅಂದ್ಮೇಲೆ ಮುಚ್ಚೋದೇ ಒಳ್ಳೇದಲ್ವಾ?" ಎಂದರಂತೆ. ಅದಕ್ಕೆ ಅವಳು, "ಆರನೇ ಸುತ್ತಲ್ಲಿ ನಾನಿದ್ದೆ ಸಾರ್. ಆ ಹಿಡಿ ಇರಲಿಲ್ಲ ಅಂದಿದ್ರೆ ನನ್ನ ಕೈ ಏನ್ ಹಿಡ್ಕೋತಿತ್ತು?" ಎಂದು ಕೇಳಿದಳಂತೆ. ವಾದ ಬಹಳ ಹೊತ್ತು ನಡೆಯಿತಂತೆ. ಕೊನೆಗೆ ಪ್ಯಾರಾಚೂಟ್ ಉಳಿಯಿತು, ಸದ್ಯಕ್ಕೆ ಒಂದು ವರ್ಷ. ನಿಮ್ಮಿಬ್ಬರ ಕೆಲಸವೂ ಉಳಿಯಿತು. ಹೊಸದಾಗಿ ಒಂದು ನಿಯಮ ಸೇರಿತು: ಮಡಚಿದವರು ಎಣಿಸಿದರೆ ಸಾಲದು, ಕಟ್ಟಿಕೊಂಡು ಹೋಗುವವರೂ ಗೋಡೆ ನೋಡಿ ಎಣಿಸಿ ಕಾರ್ಡಿಗೆ ಸಹಿ ಹಾಕಬೇಕು.

ಆ ನಿಯಮದ ಮೊದಲ ದಿನ ನನ್ನನ್ನೂ ಕರೆಸಿದರು. ಅವತ್ತು ನೀವಿಬ್ಬರೂ ಅಲ್ಲೇ ಇದ್ದಿರಿ, ನೋಡಿದ್ದೀರಿ. ನಿಮ್ಮ ಮೊಬೈಲು ತಾರೀಖು ಮುಗಿಯುವ ಮೊದಲೇ ಕೂಗಿಕೊಳ್ಳುತ್ತದೆ, ಕಾರ್ಡಿನ ಜೊತೆಗೆ ಕಂಪ್ಯೂಟರೂ ಇದೆ. ಚೀಲಗಳು ಮಾತ್ರ ಅವೇ ಏಳು, ಮೊಳೆಗಳೂ ಅವೇ. ನಂದಿನಿ ಒಬ್ಬ ವಿದ್ಯಾರ್ಥಿಯನ್ನು ಕರೆದುಕೊಂಡು ಸ್ಪಿನ್ನಿಗೆ ಹೊರಟಿದ್ದಳು. ಅವಳ ಪ್ಯಾಕನ್ನು ನನ್ನ ಕೈಯಲ್ಲೇ ಮಡಚಿಸಿದಳು. ನಾನು ಪಟ್ಟಿ ಬಿಗಿದು, ಎದುರಿಗೆ ನಿಂತು, ಅವಳು ಕೇಳುತ್ತಾಳೆ ಎಂದು ಕಾದೆ. ಉತ್ತರ ನಾಲಿಗೆಯ ತುದಿಯಲ್ಲೇ ಇತ್ತು.

ಅವಳು ಕೇಳಲಿಲ್ಲ. ನನ್ನ ಮುಖವನ್ನು ಒಂದು ಗಳಿಗೆ ನೋಡಿ, ಗೋಡೆಯ ಕಡೆ ತಿರುಗಿದಳು. ಒಂದು, ಎರಡು, ಮೂರು ಎಂದು ಬೆರಳಿಟ್ಟು ಏಳನ್ನೂ ಜೋರಾಗಿ ಎಣಿಸಿದಳು. ಸಹಿ ಹಾಕಿ, "ಹೋಗ್ಬರ್ತೀನಿ ಅಕ್ಕಾ" ಎಂದು ಹೊರಟಳು.

ಅವಳು ಕೇಳದೆ ಹೋದದ್ದು ನನಗೆ ಎದೆಗೆ ಚುಚ್ಚಿದ ಹಾಗಾಯಿತು, ಸುಳ್ಳು ಯಾಕೆ ಹೇಳಲಿ. ಕಿಟಕಿಯ ಹತ್ತಿರ ನಿಂತು ವಿಮಾನ ಇಳಿಯುವವರೆಗೂ ನೋಡಿದೆ. ಮೂರು ಸುತ್ತಿಗೆ ನಿಂತಿತು. ನಿಮ್ಮಲ್ಲಿ ಒಬ್ಬಳು ಹತ್ತಿರ ಬಂದು, "ಮೇಡಂ ನಿಮ್ಮನ್ನ ಕೇಳ್ಲೇ ಇಲ್ಲ ಅಲ್ವಾ ಆಂಟಿ?" ಎಂದಳು. ಅದಕ್ಕೆ ಈಗ ಹೇಳುತ್ತೇನೆ. ನಾಳೆ ನಿಮ್ಮ ಎದುರು ಒಂದು ಹುಡುಗಿ ಬಿಳುಚಿಕೊಂಡ ಮುಖ ಹೊತ್ತು ನಿಲ್ಲುತ್ತಾಳೆ, ಬಿಚ್ಕೊಳುತ್ತಾ ಅಕ್ಕಾ ಎಂದು ಕೇಳೇ ಕೇಳುತ್ತಾಳೆ. ಉತ್ತರ ಕೊಡಬೇಡಿ. ಪಕ್ಕಕ್ಕೆ ಸರಿದು ನಿಂತು, ಅವಳಿಗೆ ಗೋಡೆ ಕಾಣಿಸುವ ಹಾಗೆ ಮಾಡಿ.